ನಾಲ್ಕನೆಯ ನಡೆಯಲ್ಲಿ ಕೊಟ್ಟ ಕುದುರೆ

ನಾನು ಪುಣಜನೂರಿನಲ್ಲಿ ಉಪಾಧ್ಯಾಯನಾಗಿದ್ದ ಕಾಲದಲ್ಲಿ ಸತ್ಯಮಂಗಲದ ಕಡೆಗೆ ಹೋಗುವ ಲಾರಿಗಳು ಚೆಕ್‌ಪೋಸ್ಟಿನ ಬಳಿ ಸಾಲಾಗಿ ನಿಲ್ಲುತ್ತಿದ್ದವು. ಅಲ್ಲಿ ಕಾಯುತ್ತಿದ್ದ ಚಾಲಕರೊಬ್ಬರಿಂದ ನನ್ನ ಶಿಷ್ಯನೊಬ್ಬ ಚದುರಂಗ ಕಲಿತಿದ್ದ. ತಾಲ್ಲೂಕು ಪಂದ್ಯದಲ್ಲಿ ಅವನು ನಾಲ್ಕನೆಯ ನಡೆಗೇ ಕುದುರೆಯನ್ನು ಬಲಿಗೊಟ್ಟು, ಕೊನೆಗೆ ಸೋತ. ಹಿಂದಿರುಗುವಾಗ ಬಸ್ಸಿನಲ್ಲಿ ಎಲ್ಲರೆದುರು "ಇದು ಆಟವಲ್ಲ, ಹುಚ್ಚು" ಎಂದು ಗದರಿದೆ. ಆ ಹುಡುಗ ಮತ್ತೆ ಮಣೆ ಮುಟ್ಟಲಿಲ್ಲ.

ನಾನು ಬಾಲ್ಯದಲ್ಲಿ ಕಲಿತದ್ದು ಪದಾತಿ ಒಂದೊಂದೇ ಮನೆ ನಡೆಯುವ ಆಟ. ಸೇನೆಗಳು ಸಾವಕಾಶವಾಗಿ ಸಜ್ಜಾದ ಮೇಲೆಯೇ ಕದನ. ನಮ್ಮ ಜಿಲ್ಲೆಗೆ ಚದುರಂಗದ ದೊಡ್ಡ ನಂಟೂ ಇದೆ. ಅರಿಕುಠಾರವೆಂಬ ಊರಿಗೆ 1818ರಲ್ಲಿ ತಂದೆಯ ನೆನಪಿಗೆ ಚಾಮರಾಜನಗರವೆಂದು ಹೆಸರಿಟ್ಟ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲೂ ಒಂದೊಂದೇ ಬಾರಿ ಓಡಿಸುವ ಬಂಧಗಳನ್ನು ರಚಿಸಿದವರು. 1831ರಲ್ಲಿ ಆಂಗ್ಲರು ಆಡಳಿತವನ್ನು ಕಿತ್ತುಕೊಂಡರೂ ಈ ರಾಜ್ಯ ಅವರ ಕೈಯಲ್ಲೇ ಉಳಿಯಿತು. ಅವರ ಆ ಕುದುರೆ ಯಾರನ್ನೂ ಕೊಲ್ಲದು, ತಾನೂ ಸಾಯದು.

ಅದೇ ಕಾಲದಲ್ಲಿ, 1848ರಲ್ಲಿ, ಕಲ್ಕತ್ತೆಯಲ್ಲಿ ಬೇರೊಂದು ಕುದುರೆ ಸತ್ತಿತು. ಬ್ಯಾರಿಸ್ಟರ್ ಜಾನ್ ಕಾಕ್ರೇನರಿಗೆ ಎದುರಾಳಿ ಬಂಗಾಳದ ಮಹೇಶಚಂದ್ರ ಬ್ಯಾನರ್ಜಿ. ರಾಜನ ಮುಂದಿನ ಪದಾತಿಗಳು ಎರಡೆರಡು ಮನೆ ನೆಗೆದವು. ಎರಡೂ ಕಡೆಯ ಕುದುರೆ ಹೊರಬಂತು. ಬಿಳಿಯ ಕುದುರೆ ಒಂದು ಪದಾತಿಯನ್ನು ಹೊಡೆಯಿತು. ಕರಿಯ ಪದಾತಿಯೊಂದು ಅದನ್ನು ಕೆಣಕಿದಾಗ ಎಲ್ಲರೂ ಕುದುರೆಯನ್ನು ಹಿಂದೆಗೆಯುತ್ತಾರೆ. ಕಾಕ್ರೇನರು ಹಾಗೆ ಮಾಡದೆ, ರಾಜನ ಮಗ್ಗುಲಿನ ಒಂಟೆಯ ಮುಂದಿದ್ದ ಪದಾತಿಯ ಮೇಲೆ ಅದನ್ನು ಹಾರಿಸಿದರು. ರಾಜನೇ ಬಂದು ಕುದುರೆಯನ್ನು ಹೊಡೆಯಬೇಕಾಯಿತು. ಬಿಳಿಯರಿಗೆ ದಕ್ಕಿದ್ದು ಎರಡು ಪದಾತಿ ಮತ್ತು ಕೋಟೆ ಕಟ್ಟಿಕೊಳ್ಳಲಾಗದೆ ಬಯಲಿಗೆ ಬಿದ್ದ ಎದುರಾಳಿ ರಾಜ. ಪದಾತಿಗೆ ಎರಡು ಮನೆಯ ನೆಗೆತವಿಲ್ಲದ ನನ್ನ ಬಾಲ್ಯದ ಆಟದಲ್ಲಿ ಇಷ್ಟು ಬೇಗ ಇಂಥ ಕಿಚ್ಚು ಹೊತ್ತುವಂತೆಯೇ ಇರಲಿಲ್ಲ.

ಮಹೇಶಚಂದ್ರರೂ ಸಾಮಾನ್ಯರಲ್ಲ. ಒಂಟೆಯನ್ನು ಮೂಲೆಯ ದಾರಿಯಲ್ಲಿ ನಿಲ್ಲಿಸಿ ಆಡುವ ಅವರ ಪದ್ಧತಿಯ ನೆನಪು 'ಇಂಡಿಯನ್' ಎಂಬ ಹೆಸರಿನ ಆರಂಭಗಳಲ್ಲಿ ಇಂದಿಗೂ ಉಳಿದಿದೆ.

ಆ ಬಲಿಗೆ 'ಕಾಕ್ರೇನ್ ಗ್ಯಾಂಬಿಟ್' ಎಂದು ಹೆಸರು. 1999ರಲ್ಲಿ ಸ್ಪೇನಿನ ಲಿನಾರೆಸ್‌ನಲ್ಲಿ ಟೊಪಾಲೊವ್ ಅದನ್ನು ಕ್ರಾಮ್ನಿಕ್‌ರಂಥವರ ಮೇಲೆಯೇ ಪ್ರಯೋಗಿಸಿದರು, ಆಟ ಸಮವಾಯಿತು. ಇದನ್ನೆಲ್ಲ ನಾನು ಓದಿದ್ದು ನಿವೃತ್ತನಾದ ಮೇಲೆ. ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಅಪ್ಪಾ, ನೀನು ಇದನ್ನು ಓದುತ್ತಿದ್ದರೆ ಅಂದಿನ ಮಾತನ್ನು ಹಿಂದಕ್ಕೆ ಪಡೆದಿದ್ದೇನೆ. ಐದನೆಯ ನಡೆಗೆ ಒಂಟೆಯಿಂದ ಚೆಕ್ ಕೊಟ್ಟೆಯೋ, ಮಂತ್ರಿಯ ಮುಂದಿನ ಪದಾತಿಯನ್ನು ನೂಕಿದೆಯೋ? ನಾನು ಅಂದು ನೋಡಿಕೊಳ್ಳಲಿಲ್ಲ. ಬರೆದು ತಿಳಿಸು.