ಗ್ರಾಮೀಣ ಮಕ್ಕಳಿಗೆ ವಾಕ್, ಶ್ರವಣ ಹಾಗೂ ಫಿಸಿಯೋಥೆರಪಿ ಸೇವೆಗಳು

ಜನ್ಮಜಾತ ದೋಷ, ಪೌಷ್ಟಿಕಾಂಶದ ಕೊರತೆ, ಬಾಲ್ಯದ ಕಾಯಿಲೆ ಹಾಗೂ ಬೆಳವಣಿಗೆಯ ವಿಳಂಬವನ್ನು ಆರಂಭದಲ್ಲಿಯೇ ಗುರುತಿಸುವ ಸಲುವಾಗಿ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವನ್ನು ಪ್ರಾರಂಭಿಸಲಾಯಿತು. ಆರೋಗ್ಯ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಹಾಗೂ ಶಿಕ್ಷಣ ಇಲಾಖೆಗಳು ಇದರಲ್ಲಿ ಪರಸ್ಪರ ಸಹಕರಿಸುತ್ತವೆ.

ಅರ್ಹತೆ ಮತ್ತು ತಪಾಸಣೆ
1. ನವಜಾತ ಶಿಶು: ಹೆರಿಗೆಯಾದ ಆಸ್ಪತ್ರೆಯಲ್ಲಿ, 6 ವಾರಗಳವರೆಗೆ ಆಶಾ ಕಾರ್ಯಕರ್ತೆಯರಿಂದ ಮನೆಯಲ್ಲಿ.
2. 6 ವಾರದಿಂದ 6 ವರ್ಷ: ಅಂಗನವಾಡಿಯಲ್ಲಿ, ವರ್ಷಕ್ಕೆ ಕನಿಷ್ಠ 2 ಬಾರಿ.
3. 6ರಿಂದ 18 ವರ್ಷ: ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ, ವರ್ಷಕ್ಕೆ 1 ಬಾರಿ.

ದೊರೆಯುವ ಸೇವೆಗಳು
ತೊಂದರೆ ಕಂಡುಬಂದ ಮಕ್ಕಳನ್ನು ಸಂಚಾರಿ ಆರೋಗ್ಯ ತಂಡವು ಡಿ.ಇ.ಐ.ಸಿ. ಎಂದು ಕರೆಯಲಾಗುವ ಜಿಲ್ಲಾ ಕೇಂದ್ರಕ್ಕೆ ಕಳುಹಿಸುತ್ತದೆ. ಫಿಸಿಯೋಥೆರಪಿ, ವಾಕ್ ಮತ್ತು ಶ್ರವಣ ಚಿಕಿತ್ಸೆ, ದೃಷ್ಟಿ ಪರೀಕ್ಷೆ, ಮನಃಶಾಸ್ತ್ರಜ್ಞರ ಸಲಹೆ ಹಾಗೂ ವಿಶೇಷ ಶಿಕ್ಷಣ ಈ ಕೇಂದ್ರಗಳ ಸೇವಾ ವ್ಯಾಪ್ತಿಗೆ ಒಳಪಡುತ್ತವೆ.

ಸಹಭಾಗಿ ಸಂಸ್ಥೆಗಳು
ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು 1996ರಲ್ಲಿ ಕರುಣಾ ಟ್ರಸ್ಟ್‌ಗೆ ವಹಿಸಲಾಗಿತ್ತು. ತದನಂತರ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಗುಂಬಳ್ಳಿ, ಹುಲ್ಲಹಳ್ಳಿ ಮತ್ತು ಅಕ್ಕಿಹೆಬ್ಬಾಳಿನಲ್ಲಿ ಹೊರಸಂಪರ್ಕ ಸೇವಾ ಕೇಂದ್ರಗಳನ್ನು ತೆರೆಯಿತು. ಇದರಿಂದ ಗ್ರಾಮೀಣ ಮಕ್ಕಳ ಶ್ರವಣ ಪರೀಕ್ಷೆ ಹಾಗೂ ವಾಕ್ ಚಿಕಿತ್ಸೆ ಊರಿನ ಸಮೀಪದಲ್ಲಿಯೇ ದೊರೆಯುವಂತಾಯಿತು.

ಸೇವೆ ಪಡೆಯುವ ವಿಧಾನ
ಪೋಷಕರು ಅಂಗನವಾಡಿ ಕಾರ್ಯಕರ್ತೆ, ಆಶಾ ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಸಂಪರ್ಕಿಸುವುದು. ತಾಯಿ ಕಾರ್ಡ್ ಮತ್ತು ಶಿಫಾರಸು ಚೀಟಿಯನ್ನು ಜೊತೆಯಲ್ಲಿ ತರುವುದು ಸೂಕ್ತ. ಕಾರ್ಯಕ್ರಮದಡಿ ತಪಾಸಣೆ ಮತ್ತು ಚಿಕಿತ್ಸೆ ಉಚಿತವಾಗಿರುತ್ತದೆ.

ವಿಶೇಷ ಸೂಚನೆ
ಶ್ರವಣದೋಷವನ್ನು 1 ತಿಂಗಳೊಳಗೆ ತಪಾಸಣೆ ಮಾಡಿ, 3 ತಿಂಗಳೊಳಗೆ ಖಚಿತಪಡಿಸಿಕೊಂಡು, 6 ತಿಂಗಳೊಳಗೆ ಚಿಕಿತ್ಸೆ ಆರಂಭಿಸಿದಲ್ಲಿ ಮಗು ಮಾತು ಕಲಿಯುವ ಸಾಧ್ಯತೆ ಹೆಚ್ಚುತ್ತದೆ. ಮಾತು ತಡವಾಗಿ ಬರುವುದು ಸಹಜವೆಂದು ಭಾವಿಸಿ ಕಾಯಬಾರದೆಂದು ಪೋಷಕರಲ್ಲಿ ಕೋರಲಾಗಿದೆ.