ದರ್ಬಾರಿನ ನುಡಿ, ಬೀಸುಕಲ್ಲಿನ ನುಡಿ

ಬಿಜಾಪುರವನ್ನು 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹೀಮ್ ಆದಿಲ್‌ಶಾಹ್ ಸ್ವತಃ ಹಾಡು ಕಟ್ಟುತ್ತಿದ್ದ ಸುಲ್ತಾನ. ಅವನ ‘ಕಿತಾಬೆ ನೌರಸ್’ ರಾಗಗಳ ಹೆಸರಿನಡಿ ಜೋಡಿಸಿದ, ಸಂಸ್ಕೃತ ಪದಗಳು ಬೆರೆತ ದಖನಿ ಹಾಡುಗಳ ಪುಸ್ತಕ. ಆದರೆ ಈ ದಖನಿ ಪುಸ್ತಕಕ್ಕೆ ಮುನ್ನುಡಿ ಬರೆದವನು ಇರಾನಿನಿಂದ ಬಂದ ಕವಿ ಜುಹೂರಿ, ಅದೂ ಫಾರ್ಸಿಯಲ್ಲಿ. ಒಂದು ಉಪಮೆಯ ಹೆಗಲ ಮೇಲೆ ಇನ್ನೊಂದು ಉಪಮೆ, ಗದ್ಯದಲ್ಲಿಯೂ ಪ್ರಾಸ, ಬಿಡಿಸಿದಷ್ಟೂ ಮಡಿಕೆಗಳಿರುವ ವಾಕ್ಯ. ‘ಸೆಹ್ ನಸ್ರ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಅವನ ಗದ್ಯವನ್ನು ಮುಂದೆ ಭಾರತದ ಮದ್ರಸಾಗಳಲ್ಲಿ ಫಾರ್ಸಿ ಬರವಣಿಗೆಯ ಮಾದರಿಯೆಂದು ಕಲಿಸಲಾಯಿತು. ಆ ಕಾಲದಲ್ಲಿ ವಿದ್ವತ್ತಿನ ಗುರುತು ಇದೇ ಆಗಿತ್ತು.

ಅದೇ ನಗರದ ಹೊರಗಿನ ಶಾಹಪುರದ ದಿಬ್ಬದ ಮೇಲೆ ಚಿಶ್ತಿ ಪರಂಪರೆಯ ಸೂಫಿ ಮನೆತನವೊಂದು ನೆಲೆಸಿತ್ತು. ಶಾಹ್ ಮೀರಾಂಜಿ ಶಮ್ಸುಲ್ ಉಶ್ಶಾಕ್, ಅವರ ಮಗ ಬುರ್ಹಾನುದ್ದೀನ್ ಜಾನಂ, ಮೊಮ್ಮಗ ಅಮೀನುದ್ದೀನ್ ಆಲಾ. ಅರಬಿ, ಫಾರ್ಸಿ ಬಲ್ಲ ಈ ಮಹನೀಯರು ಜನರಾಡುವ ನುಡಿಯಲ್ಲಿ ಬರೆದರು. ಅದನ್ನು ಅವರು ‘ಹಿಂದಿ’ ಎಂದೂ ‘ಗುಜ್ರಿ’ ಎಂದೂ ಕರೆದರು. ಹಾಗೆ ಬರೆದುದಕ್ಕೆ ಕಾರಣ ಕೊಡಬೇಕಾದ ಒತ್ತಡ ಅವರ ಮೇಲಿತ್ತು ಎಂಬುದು ಗಮನಾರ್ಹ. ಅರಬಿ, ಫಾರ್ಸಿ ಬಾರದವರಿಗೂ ಸತ್ಯ ತಿಳಿಯಬೇಕು, ಮಾತಿನ ಉಡುಪನ್ನು ನೋಡಬೇಡಿ, ಅರ್ಥವನ್ನು ನೋಡಿ ಎಂಬುದೇ ಆ ಸಮರ್ಥನೆಯ ತಿರುಳು. ಪ್ರತಿಯೊಬ್ಬ ಪ್ರವಾದಿಯನ್ನೂ ಅವರ ಜನರ ಭಾಷೆಯಲ್ಲೇ ಕಳುಹಿಸಲಾಯಿತೆಂದು ಸೂರಃ ಇಬ್ರಾಹೀಮ್‌ನಲ್ಲಿ ಓದುವ ನಮಗೆ, ಇಂಥದ್ದಕ್ಕೂ ಕ್ಷಮೆ ಕೇಳುವ ಧ್ವನಿ ಬೇಕಿತ್ತೇ ಎಂದು ಅನಿಸದಿರದು.

ಆದರೂ ಅವರ ಆ ಗ್ರಂಥಗಳು ಹೆಚ್ಚಾಗಿ ಮುರೀದರಿಗಾಗಿಯೇ ಇದ್ದವು. ಭಾಷೆ ಸರಳ, ವಿಷಯ ಗಹನ. ಆ ವಿಷಯವನ್ನು ಮನೆಯೊಳಗೆ ತಂದವು ಸೂಫಿ ವಲಯದಲ್ಲೇ ಹುಟ್ಟಿದ ‘ಚಕ್ಕಿನಾಮಾ’, ‘ಚರ್ಖಾನಾಮಾ’ಗಳು, ಅಂದರೆ ಬೀಸುಕಲ್ಲಿನ ಹಾಡು, ರಾಟೆಯ ಹಾಡು. ಲಾಲಿಹಾಡುಗಳೂ ಮದುವೆಯ ಹಾಡುಗಳೂ ಇದ್ದವು. ಇವುಗಳನ್ನು ಹೈದರಾಬಾದಿನ ಹಸ್ತಪ್ರತಿಗಳಲ್ಲಿ ಓದಿದ ಇತಿಹಾಸಕಾರ ರಿಚರ್ಡ್ ಈಟನ್ ಅವರು 1978ರಲ್ಲಿ ಪ್ರಕಟವಾದ ಬಿಜಾಪುರದ ಸೂಫಿಗಳ ಕುರಿತ ತಮ್ಮ ಗ್ರಂಥದಲ್ಲಿ ಇವಕ್ಕೆ ದೊಡ್ಡ ಸ್ಥಾನ ಕೊಟ್ಟಿದ್ದಾರೆ. ದಖನ್ನಿನ ಸಾಮಾನ್ಯ ಕುಟುಂಬಗಳಲ್ಲಿ ಇಸ್ಲಾಮಿನ ತಿಳಿವಳಿಕೆ ನಿಧಾನವಾಗಿ ಬೇರೂರಿದ್ದು ಬಹುಮಟ್ಟಿಗೆ ಇಂಥ ಹಾಡುಗಳ ಮೂಲಕ, ತಾಯಂದಿರಿಂದ ಮಕ್ಕಳಿಗೆ ಎಂಬುದು ಅವರ ವಾದ.

ಒಂದು ಚಕ್ಕಿನಾಮಾದಲ್ಲಿ ಬೀಸುಕಲ್ಲಿನ ಗೂಟವನ್ನು ‘ಅಲಿಫ್’ ಅಕ್ಷರಕ್ಕೆ ಹೋಲಿಸಲಾಗಿದೆ. ನೆಟ್ಟಗೆ ನಿಂತ ಗೂಟ, ನೆಟ್ಟಗೆ ನಿಂತ ಅಲಿಫ್. ಅಲಿಫ್ ಎಂದರೆ ಅಲ್ಲಾಹ್ ಎಂಬ ನಾಮದ ಮೊದಲಕ್ಷರ. ನಸುಕಿನಲ್ಲಿ ಜೋಳ ಬೀಸಲು ಕುಳಿತ ಹೆಣ್ಣುಮಗಳು ಓದುಬರಹ ಬಾರದವಳೇ ಇರಬಹುದು. ಆದರೆ ಅಲಿಫ್‌ನ ಆಕಾರವನ್ನು ಮಗುವೂ ಬಲ್ಲದು, ಗೂಟವಂತೂ ಅವಳ ಮುಷ್ಟಿಯಲ್ಲೇ ಇದೆ. ಜುಹೂರಿಯದೂ ಉಪಮೆ, ಇದೂ ಉಪಮೆ. ಅವನದನ್ನು ತಿಳಿಯಲು ಹತ್ತು ಪುಸ್ತಕ ಓದಿರಬೇಕು. ಇದನ್ನು ತಿಳಿಯಲು ಹಿಟ್ಟು ಬೀಸಿದ್ದರೆ ಸಾಕು. ಸರಳವೆಂದರೆ ತೆಳುವಾದುದು ಎಂದು ಭಾವಿಸುವವರು ಈ ಒಂದು ಹೋಲಿಕೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಇಲ್ಲಿ ಸರಳತೆ ಬರಿಯ ಔದಾರ್ಯವಲ್ಲ, ಅನಿವಾರ್ಯತೆ ಕೂಡ. ಪುಟದ ಮೇಲಿನ ಕಠಿಣ ವಾಕ್ಯವನ್ನು ಮತ್ತೆ ಓದಬಹುದು. ಕೈ ಕಲ್ಲನ್ನು ತಿರುಗಿಸುತ್ತಿರುವಾಗ, ತೊಡೆಯ ಮೇಲೆ ಮಗು ಮಲಗಿರುವಾಗ, ಸಾಲು ಒಮ್ಮೆ ಕಿವಿಗೆ ಬಿದ್ದೊಡನೆ ಅರ್ಥವಾಗಬೇಕು, ಕಲ್ಲಿನ ಸುತ್ತಿಗೆ ಹೊಂದಬೇಕು. ರಾಟೆಯ ಹಾಡುಗಳಲ್ಲಿ ನೂಲುವ ಕೆಲಸದ ಲಯಕ್ಕೇ ಝಿಕ್ರ್ ಅನ್ನು ಹೆಣೆದಿರುವುದು ಇದೇ ಕಾರಣಕ್ಕೆ.

ಅಲಂಕಾರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಎರಡನೆಯ ಅಲಿ ಆದಿಲ್‌ಶಾಹನ ಆಸ್ಥಾನಕವಿ ನುಸ್ರತಿ 1657ರ ಸುಮಾರಿಗೆ ‘ಗುಲ್ಶನೆ ಇಶ್ಕ್’ ಬರೆದು, ಅಡುಗೆಮನೆಯ ಭಾಷೆಯೆನಿಸಿದ್ದ ದಖನಿಗೆ ಫಾರ್ಸಿಯ ಸರಿಸಾಟಿಯ ಗಾಂಭೀರ್ಯ ತಂದುಕೊಟ್ಟ. ಅದು ಸಣ್ಣ ಸಾಧನೆಯಲ್ಲ. ಆದರೆ ಅಂಥ ಕಾವ್ಯಕ್ಕೆ ಆಶ್ರಯದಾತ ಬೇಕು. 1686ರಲ್ಲಿ ಬಿಜಾಪುರ ಔರಂಗಜೇಬನ ವಶವಾದಾಗ ಆ ಆಶ್ರಯ ಮುಗಿಯಿತು. ಬೀಸುಕಲ್ಲಿಗೆ ಆಶ್ರಯದಾತನೇ ಇರಲಿಲ್ಲವಾದ್ದರಿಂದ ಕಳೆದುಕೊಳ್ಳಲೂ ಏನಿರಲಿಲ್ಲ. ಮರುದಿನ ಬೆಳಿಗ್ಗೆಯೂ ರೊಟ್ಟಿ ಆಗಬೇಕಲ್ಲ!

ಈ ಹಾಡುಗಳಲ್ಲಿ ಪೀರರ ಸ್ತುತಿ ಬರುವ ರೀತಿಯ ಬಗ್ಗೆ ನಮ್ಮಲ್ಲಿ ಹಲವರಿಗೆ ಆಕ್ಷೇಪವಿದೆ. ಆ ಚರ್ಚೆ ಬೇರೆ. ನಮ್ಮನ್ನು ಕಾಡುವುದು ಮತ್ತೊಂದು ಸಂಗತಿ. ಕನ್ನಡ ಶಾಲೆಯಲ್ಲಿ ಓದುವ ನಮ್ಮ ಮಕ್ಕಳು ಬಯಾನ್‌ನಲ್ಲಿ ಕುಳಿತು, ಫಾರ್ಸಿ ಸಮಾಸಗಳಿಂದ ತುಂಬಿದ ಉರ್ದುವನ್ನು ಆಲಿಸುತ್ತಾ ಪಕ್ಕದವರ ಮುಖ ನೋಡುತ್ತಾರೆ. ಹೇಳುವವರ ಪಾಂಡಿತ್ಯದಲ್ಲಿ ಕೊರತೆಯಿಲ್ಲ. ಮಗು ಮನೆಗೆ ಬಂದು ಏನು ಕೇಳಿದೆ ಎಂದು ಹೇಳಲಾರದು, ಅಷ್ಟೇ.

ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕೆಲಸ ನಿಂತಿತು, ಹಾಡೂ ನಿಂತಿತು. ಆದರೂ ವಿಜಯಪುರ, ಕಲಬುರಗಿ, ರಾಯಚೂರು ಕಡೆಯ ಮನೆಗಳಲ್ಲಿ ಎರಡು ಮೂರು ಸಾಲು ನೆನಪಿರುವ ದಾದಿ, ನಾನಿಯರು ಇನ್ನೂ ಇರಬಹುದು. ಕೇಳಿ ಬರೆದಿಟ್ಟುಕೊಳ್ಳಲು ಉರ್ದು ಲಿಪಿಯೇ ಬೇಕೆಂದಿಲ್ಲ, ಕನ್ನಡ ಲಿಪಿಯಲ್ಲಿಯೂ ಬರೆಯಬಹುದು.