ಮುಡಿ, ಮೂಟೆ ಮತ್ತು ಬೆನ್ನು

ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಘಟ್ಟದ ದಾರಿಗಳ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ದಂಡು ಇಳಿದುದನ್ನು, ಮೆಣಸು ಕಡಲಿಗೆ ಹೋದುದನ್ನು, ಉಪ್ಪು ಘಟ್ಟದ ಮೇಲಕ್ಕೆ ಬಂದುದನ್ನು ನಾವು ಓದುತ್ತೇವೆ. ಆದರೆ ಮೆಣಸು ತಾನಾಗಿ ಇಳಿಯಲಿಲ್ಲ, ಉಪ್ಪು ತಾನಾಗಿ ಏರಲಿಲ್ಲ. ಎತ್ತು ಹೋಗುವಲ್ಲಿ ಎತ್ತಿನ ಬೆನ್ನು, ಅದು ಹೋಗಲಾರದಲ್ಲಿ ಮನುಷ್ಯನ ಬೆನ್ನು ಅವನ್ನು ಹೊತ್ತಿತು. ರಾಜರ ಬಿರುದುಗಳನ್ನು ಲೆಕ್ಕವಿಟ್ಟವರು ಈ ಬೆನ್ನುಗಳ ಲೆಕ್ಕವಿಟ್ಟಿಲ್ಲ. ಅವು ಎಷ್ಟು ಭಾರವನ್ನು ಹೊತ್ತವು, ಆ ಭಾರವನ್ನು ಗೊತ್ತುಮಾಡಿದವರು ಯಾರು, ನೋವಿನಿಂದ ಪಾರಾಗಲು ಜನ ಏನು ಉಪಾಯ ಕಂಡುಕೊಂಡರು ಎಂಬುದನ್ನು ಕುರಿತು ಕೆಲವು ವಿಚಾರಗಳನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ನನ್ನ ಕಣ್ಣ ಮುಂದಿರುವುದು ಸುಳ್ಯ ತಾಲೂಕಿನ ಕೊಲ್ಲಮೊಗ್ರು ಮತ್ತು ಅದರ ನೆರೆಯ ಊರುಗಳು. ಹರಿಹರ ಪಲ್ಲತಡ್ಕ, ಬಾಳುಗೋಡು, ಕಲ್ಮಕಾರು ಇವೆಲ್ಲ ಪಶ್ಚಿಮ ಘಟ್ಟದ ಬುಡಕ್ಕೆ ಆತುಕೊಂಡ ಹಳ್ಳಿಗಳು. ತುಳು ಮತ್ತು ಅರೆಭಾಷೆ ಒಂದೇ ಅಂಗಳದಲ್ಲಿ ಕೇಳಿಬರುವ ಈ ಸೀಮೆಯಲ್ಲಿ ಸಮತಟ್ಟಾದ ನೆಲವೆಂಬುದು ಅಪರೂಪ. ಗದ್ದೆ ಕೆಳಗೆ, ಅಡಿಕೆಯ ತೋಟ ತೋಡಿನ ಪಕ್ಕದಲ್ಲಿ, ಮನೆ ಮೇಲೆ, ಸೊಪ್ಪಿನ ಗುಡ್ಡ ಅದಕ್ಕೂ ಮೇಲೆ. ಸೊಪ್ಪು ಗುಡ್ಡದಿಂದ ಹಟ್ಟಿಗೆ ಇಳಿಯಬೇಕು. ಗೊಬ್ಬರವಾಗಿ ಹಟ್ಟಿಯಿಂದ ತೋಟಕ್ಕೆ ಇಳಿಯಬೇಕು. ಅಡಿಕೆ ತೋಟದಿಂದ ಅಂಗಳಕ್ಕೆ ಏರಬೇಕು. ಇಲ್ಲಿಯ ಬೇಸಾಯವೆಂದರೆ ಅರ್ಧಪಾಲು ಹೊರುವ ಕೆಲಸವೇ ಆಗಿದೆ.

ಇಲ್ಲಿಯ ರಾಜಕೀಯ ಚರಿತ್ರೆಯಲ್ಲಿಯೂ ಹೊರೆಯ ನೆರಳಿದೆ. ಅಮರ ಸುಳ್ಯದ ಸೀಮೆ ಕೊಡಗಿನ ಅರಸರ ಕೈಯಲ್ಲಿತ್ತು. 1834ರಲ್ಲಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡು ಈ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅದುವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲಿ ತೆರಬೇಕಾಯಿತು. 1837ರ ಅಮರ ಸುಳ್ಯ ದಂಗೆಗೆ ಇದೂ ಒಂದು ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ. ನಗದು ಬೇಕೆಂದರೆ ಬೆಳೆಯನ್ನು ಮಾರಬೇಕು. ಮಾರಬೇಕೆಂದರೆ ಕೊಳ್ಳುವವನಿರುವಲ್ಲಿಗೆ ಸಾಗಿಸಬೇಕು. ಗಾಡಿಯ ದಾರಿಯಿಲ್ಲದ ಕಾಡುಸೀಮೆಯಲ್ಲಿ ಆ ಕಂದಾಯದ ಒಂದು ಪಾಲನ್ನು ಜನ ತಮ್ಮ ನಡುವಿನಿಂದಲೇ ತೆತ್ತಿರಬೇಕೆಂದು ನನಗೆ ತೋರುತ್ತದೆ. ಕೂಲಿಯಿಲ್ಲದೆ ಮಾಡಿಸಿಕೊಳ್ಳುವ ದುಡಿಮೆಗೆ ನಮ್ಮ ಭಾಷೆಯಲ್ಲಿ ಬಿಟ್ಟಿ ಎಂಬ ಮಾತಿದೆ. ಸಂಸ್ಕೃತದ ವಿಷ್ಟಿಯಿಂದ ಬಂದ ಈ ಪದ ನಮ್ಮ ಶಾಸನಗಳಷ್ಟು ಹಳೆಯದು.

ಆ ಕಾಲದ ಹೊರೆಯ ಪ್ರಮಾಣ ಎಷ್ಟು? ತುಳುನಾಡಿನವರಿಗೆ ಉತ್ತರ ಗೊತ್ತಿದೆ: ಒಂದು ಮುಡಿ. ಬೈಹುಲ್ಲನ್ನು ಹಾಸಿ, ಅಕ್ಕಿಯನ್ನು ಸುರಿದು, ಹುಲ್ಲಿನ ಹಗ್ಗದಿಂದ ಬಿಗಿಯಾಗಿ ಸುತ್ತಿ ಕಟ್ಟಿದ ದುಂಡನೆಯ ಗಂಟು ಅದು. ಮಳೆಗಾಲದ ತೇವಕ್ಕೂ ಅಕ್ಕಿ ಕೆಡದಂತೆ ಕಟ್ಟುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ; ಎಂದರೆ ನಲವತ್ತೆರಡು ಸೇರು. ಸೇರಿನ ಅಳತೆ ಊರಿಂದೂರಿಗೆ ತುಸು ವ್ಯತ್ಯಾಸವಾಗುತ್ತಿದ್ದರೂ ಇಂದಿನ ಲೆಕ್ಕದಲ್ಲಿ ಮುಡಿಯೆಂದರೆ ಸುಮಾರು 40 ಕಿಲೋ. ಜಮೀನನ್ನು ಗುರುತಿಸುತ್ತಿದ್ದುದು ಇಷ್ಟು ಮುಡಿ ಗೇಣಿಯದು ಎಂದೇ. ಮನೆತನದ ಸ್ಥಿತಿಗತಿಯನ್ನು ಅಳೆಯುತ್ತಿದ್ದುದೂ ಮುಡಿಯಲ್ಲಿಯೇ. ಒಕ್ಕಲು ಗೇಣಿಯ ಅಕ್ಕಿಯನ್ನು ಧಣಿಯ ಮನೆಗೆ ಮುಟ್ಟಿಸುತ್ತಿದ್ದುದೂ ಮುಡಿಯಾಗಿಯೇ. 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿಯನ್ನು ಕೊನೆಗಾಣಿಸಿದಾಗ ಎಷ್ಟೋ ಮನೆಗಳ ಬೆನ್ನಿನಿಂದ ನಿಜವಾದ ಅರ್ಥದಲ್ಲಿಯೇ ಒಂದು ಭಾರ ಇಳಿಯಿತು.

ಮುಡಿಯ ಅಳತೆ ಯಾರ ಕರುಣೆಯಿಂದಲೂ ಹುಟ್ಟಿದುದೆಂದು ನಾನು ಹೇಳಲಾರೆ. ಗೇಣಿ ಪಡೆಯುವವನಿಗೆ ಎಷ್ಟು ಮುಡಿ ಬಂತೆಂಬುದು ಮುಖ್ಯವಾಗಿತ್ತೇ ಹೊರತು, ಅದನ್ನು ತಂದವನು ಎಷ್ಟು ಬಾರಿ ಏರು ಹತ್ತಿದನೆಂಬುದಲ್ಲ. ಆದರೂ ಒಬ್ಬ ಆಳು ತಲೆಯ ಮೇಲೆ ಇಟ್ಟುಕೊಂಡು ಸಂಕವನ್ನು ದಾಟಿ, ಗುಡ್ಡವನ್ನೇರಿ ಮುಟ್ಟಿಸಬಹುದಾದ ಭಾರ ಅದಾಗಿತ್ತು. ಅದಕ್ಕಿಂತ ದೊಡ್ಡ ಗಂಟನ್ನು ಕಟ್ಟಿದ್ದರೆ ಅದು ದಾರಿಯಲ್ಲಿಯೇ ಉಳಿಯುತ್ತಿತ್ತು. ಹೊರೆಯ ಗಾತ್ರವನ್ನು ನಿಶ್ಚಯಿಸಿದುದು ದಾರಿ.

ಆ ಹೊರೆಯನ್ನು ಹೊರುವುದಕ್ಕೂ ಒಂದು ಪದ್ಧತಿಯಿತ್ತು. ಹಾಳೆಯ ಮುಟ್ಟಾಳೆ ಕೇವಲ ಬಿಸಿಲಿಗಾಗಿ ಇಟ್ಟುಕೊಂಡುದಲ್ಲ. ಹೊರೆಗೂ ನೆತ್ತಿಗೂ ನಡುವೆ ಅದೊಂದು ಗಟ್ಟಿಯಾದ ಆಸರೆ. ಹೆಂಗಸರು ಬಟ್ಟೆಯನ್ನೋ ಬಾಳೆಯ ಒಣ ಎಲೆಯನ್ನೋ ಸುತ್ತಿ ಸಿಂಬೆ ಮಾಡಿಕೊಳ್ಳುತ್ತಿದ್ದರು. ಎರಡು ಹೊರೆಗಳಿದ್ದರೆ ಕಾವಡಿ. ಇವೆಲ್ಲದರ ತಿರುಳು ಒಂದೇ: ಭಾರ ಮೈಯ ನಡುಗೆರೆಗೆ ಹತ್ತಿರವಾಗಿರಬೇಕು, ಬೆನ್ನು ನೆಟ್ಟಗಿರಬೇಕು. ಇನ್ನೊಂದು ಕಟ್ಟಳೆಯೂ ಇತ್ತು. ಹೊರುವವನು ಒಬ್ಬನಾದರೂ ಹೊರೆಯನ್ನು ಎತ್ತುವವರು ಇಬ್ಬರು. ದಾರಿಯಲ್ಲಿ ಹೋಗುವವರನ್ನು ಕರೆದು, ತಲೆಗೆ ಸ್ವಲ್ಪ ಹಿಡಿದುಕೊಡಿ ಎಂದು ಕೇಳುವುದು ಸಂಕೋಚದ ವಿಷಯವಾಗಿರಲಿಲ್ಲ. ಕೇಳಿಯೂ ಕೈಕೊಡದೆ ಹೋಗುವುದು ಮಾತ್ರ ಮನುಷ್ಯತ್ವವಲ್ಲವೆಂದು ನಮ್ಮ ಕಡೆಯ ಹಿರಿಯರು ಹೇಳುತ್ತಿದ್ದುದನ್ನು ನಾನು ಕೇಳಿದ್ದೇನೆ.

ಆದರೆ ಒಂಟಿಯಾಗಿ ಹೋಗುವವನು ದಣಿದರೆ ಏನು ಮಾಡಬೇಕು? ನೆಲಕ್ಕಿಳಿಸಿದರೆ ಮತ್ತೆ ಎತ್ತಿಕೊಡುವವರಿಲ್ಲ. ಈ ಕಷ್ಟವನ್ನು ಅರಿತವರು ದಾರಿಯ ಬದಿಯಲ್ಲಿ ಎರಡು ನಿಲುಗಲ್ಲುಗಳನ್ನು ನೆಟ್ಟು, ಆಳಿನ ಹೆಗಲೆತ್ತರಕ್ಕೆ ಅಡ್ಡವಾಗಿ ಒಂದು ಚಪ್ಪಡಿಯನ್ನು ಹಾಸಿದರು. ಬಾಗದೆ ಹೊರೆಯನ್ನು ಅದರ ಮೇಲೆ ಸರಿಸಿ ದಣಿವಾರಿಸಿಕೊಳ್ಳಬಹುದು. ಬಾಗದೆಯೇ ಮತ್ತೆ ತಲೆಗೆ ತೆಗೆದುಕೊಳ್ಳಬಹುದು. ನಮ್ಮ ನಾಡಿನ ಹಳೆಯ ದಾರಿಗಳಲ್ಲಿ ಇಂಥ ಕಲ್ಲುಗಳು ಅಲ್ಲಲ್ಲಿ ಉಳಿದಿವೆ. ತೆಂಕಣದ ಮಲಯಾಳಿಗಳು ಇದನ್ನು ಚುಮಡುತಾಂಗಿ ಎಂದೂ ಅತ್ತಾಣಿ ಎಂದೂ ಕರೆಯುತ್ತಾರೆ. ತಮಿಳರು ಸುಮೈತಾಂಗಿ ಎನ್ನುತ್ತಾರೆ. ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣಿನ ನೆನಪಿಗಾಗಿ ಅವಳ ಮನೆಯವರು ಇಂಥ ಕಲ್ಲನ್ನು ನಿಲ್ಲಿಸುವ ವಾಡಿಕೆ ಆ ಸೀಮೆಗಳಲ್ಲಿತ್ತು. ತನ್ನ ಹೊರೆಯನ್ನು ಇಳಿಸದೆ ಹೋದವಳ ಹೆಸರಿನಲ್ಲಿ ದಾರಿಹೋಕರ ಹೊರೆ ಇಳಿಯಲಿ ಎಂಬ ಭಾವ ಅದರ ಹಿಂದಿದೆ. ನಮ್ಮ ಪೂರ್ವಿಕರು ನಿಲ್ಲಿಸಿದ ವೀರಗಲ್ಲು, ಮಾಸ್ತಿಗಲ್ಲುಗಳನ್ನು ನಾವು ಬಲ್ಲೆವು. ದುಡಿಯುವ ಬೆನ್ನಿಗಾಗಿ ನಿಂತ ಈ ಕಲ್ಲೂ ಅವುಗಳ ಸಾಲಿಗೆ ಸೇರತಕ್ಕದ್ದೆಂದು ನನ್ನ ಭಾವನೆ.

ಇನ್ನು ಮುಡಿಯಿಂದ ಮೂಟೆಗೆ ಬರೋಣ. 1855ರಲ್ಲಿ ಕಲ್ಕತ್ತೆಯ ಬಳಿಯ ರಿಷ್ರಾದಲ್ಲಿ ಸೆಣಬಿನ ಗಿರಣಿ ಪ್ರಾರಂಭವಾಯಿತು. ಅಲ್ಲಿಂದ ಮುಂದೆ ಗೋಣಿಚೀಲವು ರೈಲು ಮತ್ತು ಹಡಗುಗಳ ವ್ಯಾಪಾರಕ್ಕೆ ಅನಿವಾರ್ಯವಾಯಿತು. ಅದರ ಗಾತ್ರವನ್ನು ನಿಶ್ಚಯಿಸುವಾಗ ಗುಡ್ಡದ ದಾರಿಯನ್ನು ಯಾರೂ ನೆನೆಯಲಿಲ್ಲ. ವ್ಯಾಗನ್ನಿನ ಅನುಕೂಲ, ದಾಸ್ತಾನಿನ ಅನುಕೂಲ, ಲೆಕ್ಕದ ಅನುಕೂಲ ಇವೇ ಮುಂದಾದವು. 1956ರ ಶಾಸನದ ತರುವಾಯ ಮೆಟ್ರಿಕ್ ತೂಕ ಬಳಕೆಗೆ ಬಂದಾಗ ಒಂದು ಚೀಲಕ್ಕೆ ಒಂದು ಕ್ವಿಂಟಾಲ್, ಎಂದರೆ 100 ಕಿಲೋ, ಎಂಬುದು ಮಂಡಿಗಳಲ್ಲಿ ಬಲು ಸಲೀಸಾಯಿತು. ಬೆಲೆಯನ್ನು ಕ್ವಿಂಟಾಲಿನಲ್ಲಿ ಹೇಳಬಹುದು. ಚೀಲಗಳನ್ನು ಎಣಿಸಿದರೆ ಲೆಕ್ಕ ಮುಗಿಯಿತು. ಗುಮಾಸ್ತನ ಲೇಖನಿಗೆ ದೊರೆತ ಈ ಸೌಕರ್ಯಕ್ಕೆ ಬೆಲೆ ತೆತ್ತವನು ಹಮಾಲಿ. ಅರಬ್ಬಿಯಲ್ಲಿ ಹೊರುವವನೆಂದು ಅರ್ಥವಾಗುವ ಹಮ್ಮಾಲ್ ಎಂಬ ಮಾತಿನಿಂದ ಅವನಿಗೆ ಈ ಹೆಸರು. ತನ್ನ ಮೈತೂಕದ ಎರಡರಷ್ಟನ್ನು ಅವನು ದಿನವಿಡೀ ಬೆನ್ನಮೇಲೆ ಹೊತ್ತನು.

ಇದರಿಂದ ಮೈಗೆ ಏನಾಗುತ್ತದೆಂಬುದು ವೈದ್ಯರಿಗೆ ತಿಳಿಯದ ವಿಷಯವಾಗಿರಲಿಲ್ಲ. ಇಟಲಿಯ ಬರ್ನಾರ್ಡಿನೊ ರಾಮಾಜಿನಿ ಎಂಬ ವೈದ್ಯನು ಕಸುಬುದಾರರ ರೋಗಗಳನ್ನು ಕುರಿತು 1700ರಲ್ಲಿ ಮೊದಲು ಪ್ರಕಟಿಸಿದ ಗ್ರಂಥವು ಹೊರೆಯಾಳುಗಳ ಬೇನೆಗಳನ್ನೂ ವಿವರಿಸುತ್ತದೆ. ಬೆನ್ನುಮೂಳೆಯ ಮಣಿಗಳ ನಡುವೆ ಇರುವ ಮೆದುವಾದ ಬಿಲ್ಲೆಯು ಹೊರಚಾಚಿ ನರವನ್ನು ಒತ್ತುವುದರಿಂದ ಸೊಂಟದಿಂದ ಕಾಲಿಗೆ ಹರಿಯುವ ನೋವು ಬರುವುದುಂಟೆಂದು 1934ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು ತೋರಿಸಿಕೊಟ್ಟರು. 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಬದುಕಿರುವ ಮನುಷ್ಯರ ಬಿಲ್ಲೆಯೊಳಗಿನ ಒತ್ತಡವನ್ನು ಸೂಜಿಯ ಮೂಲಕ ಅಳೆದರು. ಮಲಗಿದಾಗ ಕಡಿಮೆ, ನಿಂತಾಗ ಹೆಚ್ಚು, ಮುಂದಕ್ಕೆ ಬಾಗಿ ಭಾರ ಹಿಡಿದಾಗ ಇನ್ನೂ ಬಹಳ ಹೆಚ್ಚು ಎಂಬುದು ಅಂಕಿಗಳಲ್ಲಿ ಸ್ಪಷ್ಟವಾಯಿತು.

ಇದರ ಮರ್ಮವನ್ನು ತಿಳಿಯಲು ಏತವನ್ನು ನೆನೆದರೆ ಸಾಕು. ಬೆನ್ನಿನ ಸ್ನಾಯುಗಳು ಮೂಳೆಯಿಂದ ಐದಾರು ಸೆಂಟಿಮೀಟರ್ ಹಿಂದಿವೆ. ಬಾಗಿ ಕೈಚಾಚಿ ಎತ್ತುವ ಹೊರೆಯಾದರೋ ನಲವತ್ತು ಸೆಂಟಿಮೀಟರ್ ಮುಂದೆ. ಏತದ ಗಿಡ್ಡ ತುದಿಯನ್ನು ಹಿಡಿದು ಉದ್ದ ತುದಿಯ ಭಾರವನ್ನು ತಡೆದಂತೆ, 20 ಕಿಲೋ ಹೊರೆಗೆ ಸ್ನಾಯುಗಳು ಅದರ ಏಳೆಂಟು ಪಟ್ಟು ಬಲದಿಂದ ಜಗ್ಗಬೇಕಾಗುತ್ತದೆ. ಆ ಜಗ್ಗಾಟವೆಲ್ಲ ಬಿಲ್ಲೆಯ ಮೇಲೆಯೇ ಬೀಳುತ್ತದೆ. ಮೊಣಕಾಲು ಮಡಿಸಿ, ಹೊರೆಯನ್ನು ಮೈಗೆ ಒತ್ತಿಕೊಂಡು, ನಡುವನ್ನು ತಿರುಚದೆ ಎತ್ತಬೇಕೆಂದು ಹೇಳುವುದು ಇದಕ್ಕಾಗಿಯೇ. ದಾರಿಬದಿಯ ಕಲ್ಲು ಹೆಗಲೆತ್ತರಕ್ಕಿದ್ದುದರ ಔಚಿತ್ಯವೂ ಇದೇ. ಹಾಗೆಂದು ತಲೆಹೊರೆಯನ್ನು ನಿರಪಾಯವೆಂದು ತಿಳಿಯಬಾರದು. ಅದು ನಡುವನ್ನು ಬಾಗಿಸದಿದ್ದರೂ ಕತ್ತಿನ ಮೂಳೆಯನ್ನು ಅದುಮುತ್ತದೆ.

ಹಾಗಾದರೆ ಎಲ್ಲರಿಗೂ ಸರಿಯಾಗಿ ಎತ್ತುವ ವಿದ್ಯೆಯನ್ನು ಕಲಿಸಿದರೆ ಸಾಕೆ? ಬಹುಕಾಲ ಜಗತ್ತು ಹಾಗೆಯೇ ನಂಬಿತ್ತು. ಈ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿದ ಫಿನ್ಲೆಂಡಿನ ಸಂಶೋಧಕರು 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು: ಎತ್ತುವ ಕ್ರಮದ ಶಿಕ್ಷಣ ಮಾತ್ರದಿಂದ ಬೆನ್ನುನೋವು ಕಡಿಮೆಯಾಗುತ್ತದೆಂಬುದಕ್ಕೆ ಆಧಾರ ಸಿಗುವುದಿಲ್ಲ. ಇದು ವಿಚಾರಮಾಡತಕ್ಕ ಮಾತು. ಲಾರಿ ಕಾಯುತ್ತಿದೆ, ಮೋಡ ಕವಿದಿದೆ, ಕೂಲಿ ಚೀಲದ ಲೆಕ್ಕದಲ್ಲಿದೆ. ಆಗ ಮೊಣಕಾಲು ಮಡಿಸುವ ಪಾಠ ಯಾರ ನೆನಪಿಗೆ ಬರುತ್ತದೆ? ನೂರು ಕಿಲೋ ಚೀಲವನ್ನು ಹೇಗೆ ಎತ್ತಿದರೂ ಅದು ನೂರು ಕಿಲೋವೇ. ಬೆನ್ನು ಮುರಿದವನಿಗೆ, ನಿನಗೆ ಎತ್ತಲು ಬರಲಿಲ್ಲ ಎನ್ನುವುದು ಸುಲಭ. ಆ ಭಾರವನ್ನು ಅಷ್ಟೆಂದು ನಿಶ್ಚಯಿಸಿದವರು ಯಾರೆಂದು ಕೇಳುವುದು ಕಷ್ಟ.

ಕೇಳಿದವರೂ ಇದ್ದರು. ನಮ್ಮ 1948ರ ಕಾರ್ಖಾನೆ ಕಾಯಿದೆಯ 34ನೆಯ ಕಲಮು, ಅಪಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಕೂಡದೆಂದು ವಿಧಿಸಿತು. 1967ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಈ ವಿಷಯದಲ್ಲಿ ಒಂದು ಒಪ್ಪಂದವನ್ನು ಅಂಗೀಕರಿಸಿ, ವಯಸ್ಕ ಗಂಡಸಿಗೆ 55 ಕಿಲೋ ಮಿತಿಯನ್ನು ಶಿಫಾರಸು ಮಾಡಿತು. 1969ರಲ್ಲಿ ಮಹಾರಾಷ್ಟ್ರವು ಮಾಥಾಡಿ ಹಮಾಲರಿಗಾಗಿ, 1978ರಲ್ಲಿ ಕೇರಳವು ತಲೆಹೊರೆ ಕಾರ್ಮಿಕರಿಗಾಗಿ ಕಾಯಿದೆ ಮಾಡಿದವು. ಸರಕಾರಿ ಉಗ್ರಾಣಗಳ ಧಾನ್ಯದ ಚೀಲವೂ ಕ್ರಮೇಣ 50 ಕಿಲೋಗೆ ಇಳಿಯಿತು. ನೂರು ವರ್ಷಕ್ಕೂ ಮೀರಿ ಸುತ್ತಿಬಂದು ಚೀಲ ಹಳೆಯ ಮುಡಿಯ ಸಮೀಪಕ್ಕೆ ಬಂದು ನಿಂತಿತೆನ್ನಬಹುದು. ಆದರೆ ಅಷ್ಟಕ್ಕೇ ತೃಪ್ತರಾಗುವಂತಿಲ್ಲ. 1991ರಲ್ಲಿ ಪರಿಷ್ಕೃತವಾದ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸೂತ್ರವು, ಎಲ್ಲ ಅನುಕೂಲಗಳೂ ಕೂಡಿಬಂದಾಗ ಒಬ್ಬನು ಕೈಯಿಂದ ಎತ್ತತಕ್ಕ ಭಾರವನ್ನು 23 ಕಿಲೋ ಎಂದಿರಿಸಿದೆ. ನೆಲಮಟ್ಟದಿಂದ ಎತ್ತುವುದಾದರೆ, ಮೈ ತಿರುಚುವುದಾದರೆ, ಮೇಲಿಂದ ಮೇಲೆ ಎತ್ತುವುದಾದರೆ ಅದು ಇನ್ನೂ ಇಳಿಯುತ್ತದೆ. ನಮ್ಮ ಸಿಮೆಂಟಿನ ಚೀಲ ಇಂದಿಗೂ ಅದರ ಎರಡರಷ್ಟಿದೆ.

ಕೊಲ್ಲಮೊಗ್ರಿನಂಥ ಊರುಗಳಿಗೆ ಈಗ ರಸ್ತೆಗಳಿವೆ. ಅಂಗಳದವರೆಗೆ ಜೀಪು ಬರುತ್ತದೆ. ಆದರೂ ಜೀಪು ಇಳಿಯಲಾರದ ತೋಟಕ್ಕೆ ಗೊಬ್ಬರದ ಚೀಲ ಆಳಿನ ಹೆಗಲೇರಿಯೇ ಹೋಗುತ್ತದೆ. 2022ರ ಆಗಸ್ಟಿನ ಮಹಾಮಳೆಗೆ ಈ ಭಾಗದ ರಸ್ತೆ, ಸೇತುವೆಗಳಿಗೆ ಹಾನಿಯಾದಾಗ ಚಕ್ರದ ಭರವಸೆ ಎಷ್ಟರದೆಂಬುದು ಮತ್ತೊಮ್ಮೆ ತಿಳಿಯಿತು. ಇಲ್ಲಿಯ ದುಡಿಮೆಗಾರನು ಯಾವ ಕಾರ್ಖಾನೆಯ ಗೇಟಿನೊಳಗೂ ಇಲ್ಲ; ಅವನ ಹೊರೆಯನ್ನು ತೂಗಲು ಯಾವ ಅಧಿಕಾರಿಯೂ ಬರುವುದಿಲ್ಲ. ತೂಗಬೇಕಾದವರು ತೋಟದ ಯಜಮಾನರು, ಅಂಗಡಿಯವರು, ಮನೆ ಕಟ್ಟಿಸುವವರು, ಎಂದರೆ ನಾವು ನೀವು. ಅಡಿಕೆಯನ್ನು ಚೀಲದ ಬಾಯಿಯವರೆಗೆ ತುಂಬದೆ ಅರ್ಧಕ್ಕೆ ಕಟ್ಟುವುದು, ತೋಟದೊಳಗೆ ಕೈಗಾಡಿಯಷ್ಟಗಲದ ದಾರಿ ಬಿಡುವುದು, ಚೀಲಗಳನ್ನು ನೆಲದ ಮೇಲೊಟ್ಟದೆ ಸೊಂಟದೆತ್ತರದ ಜಗಲಿಯಲ್ಲಿ ಇಡುವುದು, ಎತ್ತುವಲ್ಲಿ ಇನ್ನೊಬ್ಬನನ್ನು ಕೂಡಿಸುವುದು, ಚೀಲದ ಲೆಕ್ಕ ಬಿಟ್ಟು ದಿನದ ಲೆಕ್ಕದಲ್ಲಿ ಕೂಲಿ ಕೊಡುವುದು ಇವು ನಮ್ಮ ಕೈಯಲ್ಲಿಯೇ ಇವೆ. ಇವಕ್ಕೆ ಹೆಚ್ಚು ಹಣ ಬೇಕಿಲ್ಲ. ಕೆಲಸ ತುಸು ನಿಧಾನವಾದರೆ ಸಹಿಸುವ ಮನಸ್ಸು ಬೇಕು.

ಕಾಡುಸೀಮೆಯ ಬಡ ದಾರಿಗಳು ಹೊರೆಗೆ ಒಂದು ಮಿತಿಯನ್ನು ಹಾಕಿದ್ದವು. ದಾರಿಗಳು ಅಗಲವಾದ ಮೇಲೆ ಆ ಮಿತಿ ತಪ್ಪಿತು. ಈಗ ಅದನ್ನು ಹಾಕುವ ಹೊಣೆ ದಾರಿಯದಲ್ಲ, ಹೊರಿಸುವವರದು.